ನೀರು ಒಗ್ಗಿಲ್ಲ ಅನ್ನುವ ಮೊದಲು: ಪರದೇಶದಿಂದ ಬಂದ ಮಕ್ಕಳೊಂದಿಗೆ ನಮ್ಮ ಕಡೆ ಸಂಸಾರ

ಪರದೇಶದಲ್ಲಿ ಹುಟ್ಟಿ ಬೆಳೆದ ಕೂಸು ವಿಜಯಪುರಕ್ಕೋ ಬಾಗಲಕೋಟೆಗೋ ಬಂದು ನಾಲ್ಕನೇ ದಿನ ಹಾಸಿಗೆ ಹಿಡಿದರೆ ಮನೆಯಲ್ಲಿ ಎಲ್ಲರದ್ದೂ ಒಂದೇ ಮಾತು: "ನೀರು ಒಗ್ಗಿಲ್ರೀ, ಹವಾ ಬದಲಾಗೇತಿ, ತಾನ ಹೊಂದ್ಕೋತೈತಿ ಬಿಡ್ರಿ." ಈ ಮಾತು ಬಂತೆಂದರೆ ಕಾರಣ ಹುಡುಕುವ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ. ಕಾರಣ ಹವೆಯಲ್ಲಿ ಇರುವುದು ಕಡಿಮೆ. ಕುಡಿಯುವ ನೀರಿನ ಕೊಡ, ಹಾಲಿನ ಪಾತೇಲಿ, ಕೂಲರಿನ ತಳ, ಊಟದ ತಾಟು ಇವುಗಳಲ್ಲೇ ಅದು ಕೂತಿರುತ್ತದೆ. ವರ್ಷ, ಎರಡು ವರ್ಷ ಇರಲೆಂದು ಸಣ್ಣ ಮಕ್ಕಳನ್ನು ಕಟ್ಟಿಕೊಂಡು ಬರುವವರು ಮೊದಲ ಆರು ವಾರದಲ್ಲಿ ಏನೇನು ಸರಿಮಾಡಿಕೊಳ್ಳಬೇಕು ಎಂಬುದು ಇಲ್ಲಿದೆ.

ಬರುವ ತಿಂಗಳು, ಇರುವ ಮನೆ

ಆಯ್ಕೆ ನಿಮ್ಮ ಕೈಯಲ್ಲಿದ್ದರೆ ನವೆಂಬರಿನಲ್ಲಿ ಬನ್ನಿ. ಶಾಲೆ ಜೂನಿಗೆ ಶುರುವಾಗುತ್ತದೆಂದು ಮೇ ತಿಂಗಳಲ್ಲಿ ಬಂದು ಇಳಿಯುವವರೇ ಹೆಚ್ಚು. ವಿಜಯಪುರ, ಬಾಗಲಕೋಟೆಗಳಿಗೆ ಅದು ತಪ್ಪು ತಿಂಗಳು. ಆಗ ಮಧ್ಯಾಹ್ನದ ಬಿಸಿಲು 40 ಡಿಗ್ರಿ ದಾಟುತ್ತದೆ, ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರವಾದರೂ ಬೇಕು, ಅದರ ಮೇಲೆ ಹಗಲು ರಾತ್ರಿ ತಿರುವುಮುರುವಾದ ನಿದ್ದೆಗೇಡು ಬೇರೆ. ನವೆಂಬರಿನಲ್ಲಿ ಬಂದರೆ ಬೇಸಿಗೆ ಬರುವಷ್ಟರಲ್ಲಿ ಮಗು ಓಣಿಯ ಹುಡುಗರೊಂದಿಗೆ ಆಡಿ, ಮಾತು ಕಲಿತು, ಮೆಲ್ಲಗೆ ಬಿಸಿಲಿಗೂ ಒಗ್ಗಿರುತ್ತದೆ. ಬೆಳಗಾವಿಯ ಲೆಕ್ಕ ಬೇರೆ. ಸುಮಾರು 750 ಮೀಟರ್ ಎತ್ತರದಲ್ಲಿರುವ ಊರು ಮೇ ತಿಂಗಳನ್ನು ಹೇಗೋ ತಡೆಯುತ್ತದೆ, ಆದರೆ ಜೂನಿನಿಂದ ಹಿಡಿದ ಮಳೆ ಬೇಗ ಬಿಡುವುದಿಲ್ಲ. ಅಲ್ಲಿ ತೊಂದರೆ ಬಿಸಿಲಿನದಲ್ಲ, ಒಣಗದ ಬಟ್ಟೆಯದು. ಬಟ್ಟೆಯ ಲಂಗೋಟಿ ಕಟ್ಟುವವರು ಬೇರೆ ಕಡೆಗಿಂತ ದುಪ್ಪಟ್ಟು ಇಟ್ಟುಕೊಳ್ಳಬೇಕು. ಇಲ್ಲವಾದರೆ ಹಸಿ ಬಟ್ಟೆಯಿಂದ ತೊಡೆಸಂದಿಗೆ ಬೂಷ್ಟಿನ ಗುಳ್ಳೆ ಏಳುತ್ತವೆ.

ಬಾಡಿಗೆ ಮನೆಯನ್ನು ಮಧ್ಯಾಹ್ನ ಮೂರಕ್ಕೆ ಹೋಗಿ ನೋಡಿ. ಬೆಳಿಗ್ಗೆ ಎಲ್ಲ ಮನೆಯೂ ತಂಪೇ. ಮೇಲಿನ ಅಂತಸ್ತಾದರೆ ಸ್ಲ್ಯಾಬು ಹಗಲೆಲ್ಲ ಕಾದು ರಾತ್ರಿ ಹನ್ನೊಂದರವರೆಗೂ ಕೋಣೆಯೊಳಗೆ ಬಿಸಿ ಇಳಿಸುತ್ತದೆ. ಅದೇ ಬಾಡಿಗೆಗೆ ನೆಲಮಹಡಿ ಸಿಕ್ಕರೆ ಅದನ್ನೇ ಹಿಡಿಯಿರಿ. ನೋಡುವಾಗ ಸಂಪಿನ ಮುಚ್ಚಳ ಎತ್ತಿ ನೋಡಿ. ತಗಡಿನದೋ ತೆಳು ಪ್ಲಾಸ್ಟಿಕ್‌ನದೋ ಆಗಿದ್ದರೆ, ಮುಂಗಡ ಕೊಡುವ ಮೊದಲೇ ಕೀಲಿ ಹಾಕಲು ಬರುವ ಕಬ್ಬಿಣದ ಮುಚ್ಚಳ ಕೂರಿಸಲು ಮಾಲೀಕರಿಗೆ ಹೇಳಿ. ಬಚ್ಚಲಲ್ಲಿ ತುಂಬಿಟ್ಟ ಡ್ರಮ್ಮು, ಬಕೆಟ್ಟೂ ಅಷ್ಟೇ ಅಪಾಯ. ನಡೆಯಲು ಕಲಿತ ಕೂಸು ಬಗ್ಗಿ ತಲೆಕೆಳಗಾಗಿ ಬಿದ್ದರೆ ತಾನಾಗಿ ಮೇಲೇಳಲಾರದು, ಅರ್ಧ ಬಕೆಟ್ ನೀರು ಸಾಕು. ಬಚ್ಚಲ ಬಾಗಿಲಿಗೆ ಹೊರಗಿನಿಂದ ಎತ್ತರದಲ್ಲಿ ಒಂದು ಚಿಲಕ ಬಡಿಸಿ.

ಅಮೆರಿಕದಿಂದ ತಂದ ಸಾಮಾನನ್ನು ಗೋಡೆಗೆ ಚುಚ್ಚುವ ಮುನ್ನ ಅಡಾಪ್ಟರ್ ಮೇಲಿನ ಸಣ್ಣ ಅಕ್ಷರ ಓದಿ. 100–240 ಎಂದಿದ್ದರೆ ಪಿನ್ ಬದಲಿಸಿದರೆ ಸಾಕು. ಬರೀ 120 ಎಂದಿದ್ದರೆ ನಮ್ಮ 230 ವೋಲ್ಟಿಗೆ ಅದು ಕ್ಷಣದಲ್ಲಿ ಸುಡುತ್ತದೆ. ಬಾಟಲಿ ಕುದಿಸುವ ಯಂತ್ರ ಸುಟ್ಟರೆ ಅಳಬೇಕಿಲ್ಲ, ಕುಕ್ಕರ್ ಇದೆ.

ನೀರು

ಮೊದಲು ಮನೆಗೆ ಬರುವ ನೀರು ಯಾವುದೆಂದು ತಿಳಿದುಕೊಳ್ಳಿ. ಬೆಳಗಾವಿಗೆ ರಕ್ಕಸಕೊಪ್ಪ ಮತ್ತು ಹಿಡಕಲ್ ಜಲಾಶಯದ ನೀರು, ವಿಜಯಪುರಕ್ಕೆ ಕೃಷ್ಣಾ ನದಿ ಮತ್ತು ಭೂತನಾಳ ಕೆರೆಯ ನೀರು ನಳದಲ್ಲಿ ಬರುತ್ತದೆ. ಆದರೆ ನಳದ ನೀರು ಬರುವ ಮನೆಯಲ್ಲೂ ಬೋರ್‌ವೆಲ್ ನೀರು ಅದೇ ಸಂಪಿಗೆ ಬೀಳುವುದುಂಟು. ಮಾಲೀಕರನ್ನು ನೇರವಾಗಿ ಕೇಳಿ: "ಬೋರಿನ ನೀರು ಇದರಾಗ ಕೂಡತೈತೇನ್ರಿ?" ಉತ್ತರದ ಮೇಲೆ ಮುಂದಿನದೆಲ್ಲ ನಿಂತಿದೆ, ಏಕೆಂದರೆ ಈ ಎರಡು ನೀರಿನ ರೋಗವೂ ಬೇರೆ, ಮದ್ದೂ ಬೇರೆ.

ನಳದ ನೀರಿನ ತೊಂದರೆ ಕ್ರಿಮಿ. ನೀರು ದಿನಬಿಟ್ಟು ದಿನ ಬರುವ ಓಣಿಗಳಲ್ಲಿ ಪೈಪು ಖಾಲಿ ನಿಂತಾಗ ಬಿರುಕಿನಿಂದ ಪಕ್ಕದ ಗಟಾರದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಅದಕ್ಕೇ ನೀರು ಬಿಟ್ಟ ಮೊದಲ ಹತ್ತು ನಿಮಿಷದ್ದನ್ನು ಸಂಪಿಗೆ ಬಿಡದೆ ಅಂಗಳಕ್ಕೆ, ಗಿಡಕ್ಕೆ ಹರಿಸಿ. ಕುಡಿಯುವ ನೀರನ್ನು ಗುಳ್ಳೆ ಎದ್ದು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಿ, ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಕುದಿಸಿದ ನೀರನ್ನು ನಿನ್ನೆಯ ಹರವಿಗೆ ಸುರಿದು, ಎಲ್ಲರೂ ಕೈ ಅದ್ದಿ ಗ್ಲಾಸು ತುಂಬಿಕೊಂಡರೆ ಕುದಿಸಿದ್ದು ದಂಡ. ಹರವಿ ಬೇಡ ಎನ್ನುತ್ತಿಲ್ಲ. ಬೇಸಿಗೆಯಲ್ಲಿ ಫ್ರಿಜ್ಜಿಗಿಂತ ಹರವಿಯ ನೀರೇ ಮಕ್ಕಳ ಗಂಟಲಿಗೆ ಹಿತ. ಆದರೆ ಅದಕ್ಕೆ ನಳ ಕೂರಿಸಿದ್ದನ್ನು ಕೊಳ್ಳಿ, ಮೂರು ದಿನಕ್ಕೊಮ್ಮೆ ಒಳಗೆ ಕೈಹಾಕಿ ತೊಳೆದು ಬಿಸಿಲಿಗೆ ಬೋರಲು ಹಾಕಿ.

ಬೋರಿನ ನೀರಿನ ತೊಂದರೆ ಕರಗಿದ ಲವಣ, ಮುಖ್ಯವಾಗಿ ಫ್ಲೋರೈಡ್. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಅನೇಕ ಕಡೆ ಅಂತರ್ಜಲದಲ್ಲಿ ಇದು ಇದೆ. ಹಳ್ಳಿಗಳಲ್ಲಿ ಹಲ್ಲಿನ ಮೇಲೆ ಕಂದು ಗೆರೆ ಇರುವ ಮಕ್ಕಳನ್ನು ನೋಡಿದರೆ ತಿಳಿಯುತ್ತದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿಯೇ ಇಲ್ಲದಾಗ 1.5. ಎಲ್ಲರೂ ಎಡವುವುದು ಇಲ್ಲೇ: ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ. ಕ್ರಿಮಿ ಕೊಲ್ಲುವ ಯುವಿ ದೀಪದ ಫಿಲ್ಟರಿಗೂ ಅದು ಸಿಗುವುದಿಲ್ಲ. ನೀರನ್ನು ಸಣ್ಣ ರಂಧ್ರದ ಪೊರೆಯಲ್ಲಿ ಸೋಸುವ ಆರ್‌ಒ ಯಂತ್ರವೇ ಮನೆಮಟ್ಟದ ಸುಲಭ ಉಪಾಯ. ಹಾಲಿನ ಪುಡಿ ಕಲಸಿ ಕುಡಿಸುವ ಕೂಸಿದ್ದರೆ ಇದನ್ನು ಮೊದಲ ವಾರವೇ ಮುಗಿಸಿ, ಏಕೆಂದರೆ ಅದರ ಹೊಟ್ಟೆಗೆ ಹೋಗುವುದೆಲ್ಲ ಈ ನೀರೇ. ಫ್ಲೋರೈಡ್ ಪರೀಕ್ಷೆಗೆ ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಒಂದು ಲೀಟರ್ ನೀರು ಒಯ್ಯಿರಿ. ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಿನಿಂದ ಮೂರು ಸಲ ಗಲಬರಿಸಿ ತುಂಬಬೇಕು.

ಅಂಗಡಿಯವರು ಟಿಡಿಎಸ್ ಮೀಟರ್ ಅದ್ದಿ ಸಂಖ್ಯೆ ತೋರಿಸಿ ಆರ್‌ಒ ಮಾರುತ್ತಾರೆ. ಆ ಸಂಖ್ಯೆ ಲವಣದ ಒಟ್ಟು ಲೆಕ್ಕ ಮಾತ್ರ ಹೇಳುತ್ತದೆ. ಕ್ರಿಮಿಯನ್ನೂ ಹೇಳುವುದಿಲ್ಲ, ಫ್ಲೋರೈಡನ್ನೂ ಹೇಳುವುದಿಲ್ಲ. ಬರೀ ಹೊಳೆ ನೀರು ಬರುವ ಮನೆಯಲ್ಲಿ 500ರ ಒಳಗಿದ್ದರೆ ಯುವಿ ಸಾಕು, ಆರ್‌ಒ ದುಡ್ಡು ದಂಡ. 1500 ತೋರಿಸುವ ಬೋರ್ ನೀರಿಗೆ ಆರ್‌ಒ ಬೇಕೇಬೇಕು, ಆದರೆ ಅದರ ಪೊರೆ ಬೇಗ ಕಟ್ಟಿಕೊಳ್ಳುತ್ತದೆ, ಬದಲಿಸುವ ಖರ್ಚನ್ನು ಮೊದಲೇ ಕೇಳಿಕೊಳ್ಳಿ. ಅದು ಹೊರಹಾಕುವ ಉಪ್ಪು ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಸಂಡಾಸಕ್ಕೆ ಬಳಸಿ. ಓಣಿಯಲ್ಲಿ ನಾಣ್ಯ ಹಾಕಿದರೆ 20 ಲೀಟರ್ ಕ್ಯಾನ್ ತುಂಬುವ ಶುದ್ಧ ಕುಡಿಯುವ ನೀರಿನ ಘಟಕ ಇದ್ದರೆ ಅದೂ ಆರ್‌ಒ ನೀರೇ. ಅಲ್ಲಿ ಕೆಡುವುದು ನೀರಲ್ಲ, ಕ್ಯಾನು. ಒಳಗೆ ಕೈ ಹೋಗದ ಕ್ಯಾನಿನಲ್ಲಿ ಹಸಿರು ಪಾಚಿ ಕಟ್ಟುತ್ತದೆ. ಅಗಲ ಬಾಯಿಯದು ತೆಗೆದುಕೊಳ್ಳಿ.

ಇಷ್ಟೆಲ್ಲ ಮಾಡಿಯೂ ಮಗುವಿಗೆ ಭೇದಿಯಾದರೆ, ಮೈ ಕಳೆದುಕೊಂಡ ನೀರು, ಉಪ್ಪು ತುಂಬುವ ಓಆರ್‌ಎಸ್. ಪೊಟ್ಟಣದ ಮೇಲೆ ಒಂದು ಲೀಟರಿಗೆ ಎಂದಿದ್ದರೆ ಒಂದು ಲೀಟರಿಗೇ ಕಲಸಿ. ಅರ್ಧ ಪೊಟ್ಟಣ ಒಂದು ಗ್ಲಾಸಿಗೆ ಹಾಕುವುದು ದೊಡ್ಡ ತಪ್ಪು, ಉಪ್ಪು ಹೆಚ್ಚಾಗಿ ಕೂಸಿಗೆ ಅಪಾಯವಾಗುತ್ತದೆ. ಪೊಟ್ಟಣ ಇಲ್ಲದಾಗ ಒಂದು ಲೀಟರ್ ಶುದ್ಧ ನೀರಿಗೆ ಸಮತಟ್ಟಾಗಿ ತುಂಬಿದ 6 ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು. ಪ್ರತಿ ಸಲ ಭೇದಿಯಾದ ಮೇಲೆ 2 ವರ್ಷದೊಳಗಿನವರಿಗೆ 50ರಿಂದ 100 ಮಿಲಿ, ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿಲಿ, ಚಮಚದಿಂದ ನಿಧಾನಕ್ಕೆ. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಶುರುಮಾಡಿ. ಕಲಸಿದ್ದನ್ನು 24 ತಾಸಿನ ಮೇಲೆ ಚೆಲ್ಲಿ. ಗ್ಲೂಕೋಸ್ ಪುಡಿ, ಡಬ್ಬಿಯಲ್ಲಿ ಬರುವ ಹಣ್ಣಿನ ರುಚಿಯ ಪಾನಕ ಓಆರ್‌ಎಸ್ ಅಲ್ಲ. ಜೊತೆಗೆ ಸತು, ಅಂದರೆ ಜಿಂಕ್ ಮಾತ್ರೆ: ಆರು ತಿಂಗಳ ಮೇಲಿನವರಿಗೆ ದಿನಕ್ಕೆ 20 ಮಿಲಿಗ್ರಾಂ, 14 ದಿನ. ಭೇದಿ ನಿಂತ ಮರುದಿನವೇ ಬಿಡಬೇಡಿ. ಮಲದಲ್ಲಿ ರಕ್ತ, ಗುಳಿಬಿದ್ದ ಕಣ್ಣು, ಆರು ತಾಸಾದರೂ ಮೂತ್ರವಿಲ್ಲ, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆ.

ಬಿಸಿಲು ಮತ್ತು ಕೂಲರು

ವಿಜಯಪುರದ ಒಣ ಬಿಸಿಲಿಗೆ ಎಸಿಗಿಂತ ಕೂಲರ್ ಲೇಸು ಎಂಬುದು ನಮ್ಮ ಅಭಿಪ್ರಾಯ. ಎಸಿ ಸುಮಾರು 1500 ವ್ಯಾಟ್ ತಿನ್ನುತ್ತದೆ, ಕರೆಂಟ್ ಹೋದರೆ ಸುಮ್ಮನೆ ಗೋಡೆ ಮೇಲೆ ಕೂತಿರುತ್ತದೆ. ಕೂಲರಿಗೆ 200 ವ್ಯಾಟ್ ಸಾಕು. 150 ಆಂಪಿಯರ್-ತಾಸಿನ ಒಂದು ಬ್ಯಾಟರಿ ಇರುವ ಇನ್ವರ್ಟರಿನ ಮೇಲೆ ಒಂದು ಕೂಲರು, ಎರಡು ಫ್ಯಾನು ಮೂರು ತಾಸು ಓಡುತ್ತವೆ. ಆದರೆ ಅನೇಕ ಮನೆಗಳಲ್ಲಿ ಕೂಲರ್ ಇಟ್ಟ ಜಾಗವೇ ತಪ್ಪು. ಕೋಣೆಯ ಮಧ್ಯೆ ಇಟ್ಟು, ಕಿಟಕಿ ಬಾಗಿಲು ಮುಚ್ಚಿ ಓಡಿಸುತ್ತಾರೆ. ಒಂದು ತಾಸು ತಂಪು, ಆಮೇಲೆ ಹಾಸಿಗೆ ಜಿಗುಟು, ಮಗುವಿನ ಕುತ್ತಿಗೆಗೆ ಬೆವರುಸಾಲೆ. ಕೂಲರ್ ಕೆಲಸ ಮಾಡುವುದು ಒಣ ಗಾಳಿಯಲ್ಲಿ ನೀರು ಆರುವುದರಿಂದ. ಒಳಗಿನ ಹಸಿ ಗಾಳಿಯನ್ನೇ ಮತ್ತೆ ಎಳೆದರೆ ಆರುವುದು ಎಲ್ಲಿ? ಬೆನ್ನು ಕಿಟಕಿಯ ಹೊರಗಿರಬೇಕು, ಎದುರಿನ ಕಿಟಕಿಯೋ ಬಾಗಿಲೋ ನಾಲ್ಕು ಬೆರಳು ತೆರೆದಿರಬೇಕು, ಹಸಿ ಗಾಳಿ ಅಲ್ಲಿಂದ ಹೊರಬೀಳಬೇಕು. ಬೆಳಗಾವಿಯ ಮಳೆಗಾಲದಲ್ಲಿ ಅದೇ ಕಾರಣಕ್ಕೆ ಕೂಲರ್ ಉಪಯೋಗವಿಲ್ಲ.

ನೀರನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ, ತಳವನ್ನು ಬ್ರಷ್ಷಿನಿಂದ ಉಜ್ಜಿ, ಅರ್ಧ ದಿನ ಒಣಗಿಸಬೇಕು. ಡೆಂಗಿ ಹರಡುವ ಸೊಳ್ಳೆ ತೊಟ್ಟಿಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ, ಮೊಟ್ಟೆಯಿಂದ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಬರೀ ನೀರು ಚೆಲ್ಲಿ ಹೊಸದು ತುಂಬಿದರೆ ಮೊಟ್ಟೆ ಅಲ್ಲೇ ಉಳಿಯುತ್ತವೆ. ಉಜ್ಜುವುದು ಅದಕ್ಕೇ. ಈ ಸೊಳ್ಳೆ ಹಗಲಲ್ಲಿ ಕಚ್ಚುವುದರಿಂದ ಮಧ್ಯಾಹ್ನ ಮಲಗುವ ಕೂಸಿಗೂ ಪರದೆ ಬೇಕು. ಬೋರ್ ನೀರು ಹಾಕಿದರೆ ಪ್ಯಾಡಿನ ಮೇಲೆ ಬಿಳಿ ಸುಣ್ಣ ಕಟ್ಟಿ ಒಂದೇ ಬೇಸಿಗೆಗೆ ಗಾಳಿ ನಿಲ್ಲುತ್ತದೆ. ಆರ್‌ಒ ಹೊರಹಾಕಿದ ನೀರನ್ನಂತೂ ಕೂಲರಿಗೆ ಹಾಕಲೇಬೇಡಿ.

ಇನ್ನೊಂದು ಮಾತು ಮರೆಯಬಾರದು. ತಗಡಿನ ಕೂಲರಿನಲ್ಲಿ ಪಂಪಿನ ವೈರು ಸವೆದರೆ ಇಡೀ ಮೈಗೆ ಕರೆಂಟ್ ಹರಿಯುತ್ತದೆ, ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತ ಮಗು ಮುಟ್ಟುತ್ತದೆ. ಮಕ್ಕಳಿರುವ ಮನೆಗೆ ಪ್ಲಾಸ್ಟಿಕ್ ಮೈಯದ್ದೇ ತನ್ನಿ, ಮೂರು ಪಿನ್ನಿನ ಪ್ಲಗ್ ಇರಲಿ, ನೀರು ತುಂಬುವಾಗ ಪ್ಲಗ್ ಕಿತ್ತಿಡಿ. ಎಲೆಕ್ಟ್ರಿಷಿಯನ್ನರನ್ನು ಕರೆದು ಮೇನ್ ಬೋರ್ಡಿಗೆ, ಕರೆಂಟ್ ಸೋರಿದ ಕೂಡಲೇ ತಾನೇ ಆರಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. ಮನೆಯಲ್ಲಿ ಅರ್ಥಿಂಗ್ ಇದೆಯೋ ಇಲ್ಲವೋ ಅದೇ ದಿನ ನೋಡಿಸಿ.

ಆಟ ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ಐದೂವರೆ ಮೇಲೆ. ಮಾಳಿಗೆಯ ಕಪ್ಪು ಟಾಕಿಯ ನೀರು ಮಧ್ಯಾಹ್ನ ಮೈ ಸುಡುವಷ್ಟು ಕಾದಿರುತ್ತದೆ. ಸ್ನಾನದ ನೀರನ್ನು ಬೆಳಿಗ್ಗೆಯೇ ಹಿಡಿದಿಡಿ. ಮಗುವಿನ ಮೂತ್ರ ತೆಳು ಹಳದಿಯಾಗಿ ನಾಲ್ಕೈದು ತಾಸಿಗೊಮ್ಮೆಯಾದರೂ ಬರುತ್ತಿದ್ದರೆ ನೀರು ಸಾಕಾಗಿದೆ ಎಂದು ಅರ್ಥ. ಆರು ತಿಂಗಳೊಳಗಿನ ಎದೆಹಾಲಿನ ಕೂಸಿಗೆ ಈ ಬಿಸಿಲಲ್ಲೂ ನೀರು ಬೇಡ, ಹಾಲನ್ನೇ ಹೆಚ್ಚು ಸಲ ಕೊಟ್ಟರೆ ಸಾಕು. "ಪಾಪ, ಗಂಟಲಾ ಒಣಗೇತಿ, ಒಂದ್ ಚಮಚ ನೀರ ಹಾಕವಾ" ಎಂದು ಬರುವ ದೊಡ್ಡವರಿಗೆ ಇದನ್ನು ತಾಯಿ ಹೇಳುವುದಕ್ಕಿಂತ ಡಾಕ್ಟರ ಬಾಯಿಂದ ಹೇಳಿಸುವುದು ಜಾಣತನ.

ಹಾಲು, ಊಟ, ಶೇಂಗಾ

ಗೌಳಿಗರು ಮನೆ ಬಾಗಿಲಿಗೆ ತರುವ ಹಾಲು ರುಚಿಯಲ್ಲಿ ಪಾಕೀಟಿನದಕ್ಕಿಂತ ಮೇಲು. ಕುದಿಸದೆ ಮಾತ್ರ ಒಂದು ಹನಿಯೂ ಬೇಡ. ಆಡಿನ ಹಸಿ ಹಾಲು ಮಕ್ಕಳಿಗೆ ಶಕ್ತಿ ಎಂದು ಹೊಲಕ್ಕೆ ಹೋದಾಗ ಯಾರಾದರೂ ಅಲ್ಲೇ ಕರೆದು ಕುಡಿಸುವುದುಂಟು. ದನ, ಆಡಿನಿಂದ ಹಾಲಿನ ಮೂಲಕ ಬರುವ ಬ್ರುಸೆಲ್ಲೋಸಿಸ್ ವಿಜಯಪುರ ಭಾಗದ ಮಕ್ಕಳಲ್ಲಿ ಕಂಡುಬಂದಿರುವ ಕಾಯಿಲೆ. ಬಂದು ಹೋಗುವ ಜ್ವರ, ಕೀಲುನೋವು ವಾರಗಟ್ಟಲೆ ನಡೆಯುತ್ತದೆ. ಪರದೇಶಕ್ಕೆ ಮರಳಿದ ಮೇಲೆ ಶುರುವಾದರೆ ಅಲ್ಲಿನ ಡಾಕ್ಟರಿಗೆ ಹೊಳೆಯುವುದೂ ಕಷ್ಟ, ಹಸಿ ಹಾಲು ಕುಡಿದದ್ದನ್ನು ನೀವೇ ಹೇಳಬೇಕು. ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸುವುದು, ಕಣ್ಣಿಗೆ ಕಾಡಿಗೆ ತೀಡುವುದು ಎರಡೂ ಬೇಡ. ಜೇನಿನಲ್ಲಿ ಕೂಸಿನ ಮೈ ಸೋಲಿಸುವ ಬೊಟುಲಿಸಮ್ ಎಂಬ ರೋಗದ ಅಪಾಯ, ಅಂಗಡಿ ಕಾಡಿಗೆಯಲ್ಲಿ ಸೀಸ ಇರಬಹುದು. ದೃಷ್ಟಿಬೊಟ್ಟು ಬೇಕೇಬೇಕೆಂದರೆ ಅಂಗಾಲಿಗೆ ಇಡಿ, ಆಯಿಗೂ ಸಮಾಧಾನ.

ಊಟಕ್ಕೆ ಹೊಸದೇನೂ ಮಾಡಬೇಕಿಲ್ಲ. ಬಿಸಿ ಜೋಳದ ರೊಟ್ಟಿಯನ್ನು ಹಾಲಲ್ಲಿ ಕಿವುಚಿದ್ದು, ಅನ್ನ ತೊವ್ವೆ ತುಪ್ಪ, ಸಜ್ಜಕ, ಮೊಸರನ್ನ. ರೊಟ್ಟಿಯ ಮುಟಗಿಯನ್ನು ಖಾರ ಬಿಟ್ಟು ಬರೀ ಬೆಣ್ಣೆ, ಚೂರು ಉಪ್ಪು ಹಾಕಿ ಕಟ್ಟಿದರೆ ಎರಡು ವರ್ಷದ ಮಗು ಕೈಯಲ್ಲಿ ಹಿಡಿದು ತಿನ್ನುತ್ತದೆ. ಸೋಲುವುದು ಖಾರದಲ್ಲಿ. ಆದ ಸಾರಿಗೆ ನೀರು ಬೆರೆಸಿ ಮಗುವಿಗೆ ಹಾಕಿದರೆ ಖಾರವೂ ಹೋಗುವುದಿಲ್ಲ, ರುಚಿಯೂ ಉಳಿಯುವುದಿಲ್ಲ. ಬೇಳೆ ಬೆಂದ ಕೂಡಲೇ, ಮಸಾಲೆ ಬೀಳುವ ಮೊದಲೇ ಮಗುವಿನ ಪಾಲನ್ನು ಸಣ್ಣ ಡಬರಿಗೆ ತೆಗೆದಿಡುವ ರೂಢಿ ಅಡುಗೆ ಮಾಡುವವರಿಗೆ ಹಿಡಿಸಿ. ಗೋಧಿ ಆಗದ ಮಗುವಿದ್ದರೆ ಜೋಳ ವರವೇ, ಆದರೆ ಗಿರಣಿಯಲ್ಲಿ ಈಗಷ್ಟೇ ಗೋಧಿ ಬೀಸಿದ ಕಲ್ಲಿಗೆ ಜೋಳ ಸುರಿದರೆ ಅದೇ ಹಿಟ್ಟು ಅದರಲ್ಲಿ ಬರುತ್ತದೆ. ಮನೆಯಲ್ಲೇ ಸಣ್ಣ ಗಿರಣಿ ಇಟ್ಟುಕೊಳ್ಳಿ.

ಇನ್ನು ಶೇಂಗಾ. ಪರದೇಶದಲ್ಲಿ ಶೇಂಗಾ ಆಗದ ಮಕ್ಕಳು ಸಾಕಷ್ಟಿದ್ದಾರೆ, ನಮ್ಮ ಕಡೆಯ ಅಡುಗೆ ನಿಂತಿರುವುದೇ ಶೇಂಗಾದ ಮೇಲೆ. ಕಣ್ಣಿಗೆ ಕಾಣುವ ಹಿಂಡಿ, ಹೋಳಿಗೆ, ಚಿಕ್ಕಿ ಬಿಡಿ, ಕಾಣದೇ ಇರುವುದನ್ನು ಬರೆದಿಟ್ಟುಕೊಳ್ಳಿ: ಬದನೆಕಾಯಿ ಎಣ್ಣೆಗಾಯಿಯ ಹೂರಣ, ಪಲ್ಯ ಗಟ್ಟಿಯಾಗಲೆಂದು ಹಾಕುವ ಪುಡಿ, ಕೋಸಂಬರಿ, ಸೂಸಲ, ಭಡಂಗ, ಉಪವಾಸದ ಸಾಬೂದಾಣಿ ಖಿಚಡಿ, ನಾಗರಪಂಚಮಿಯ ಉಂಡಿ. ಎಣ್ಣೆಯೂ ಹೌದು. ಗಾಣದ ಶೇಂಗಾ ಎಣ್ಣೆಯಲ್ಲಿ ಕಾಳಿನ ಪ್ರೋಟೀನ್ ಉಳಿದಿರುತ್ತದೆ, ಕಾರ್ಖಾನೆಯಲ್ಲಿ ಪೂರ್ತಿ ಶುದ್ಧಮಾಡಿದ್ದರಲ್ಲಿ ಬಹುಪಾಲು ಹೋಗಿರುತ್ತದೆ. ಆಮೇಲೆ ಖಲಬತ್ತು, ಮಿಕ್ಸಿ ಜಾರು, ಹಿಂಡಿಯ ಚಮಚ. "ಅಲರ್ಜಿ" ಎಂದರೆ ಬಂಧುಗಳಿಗೆ ಅನಿಸುವುದು ತುರಿಕೆ, ಗಂಧೆ. "ಒಂದ್ ಕಾಳಿಗೆ ಏನಾಗತೈತಿ" ಎಂದು ಪ್ರೀತಿಯಿಂದಲೇ ಬಾಯಿಗಿಡುತ್ತಾರೆ. ಅದಕ್ಕೆ ಹೀಗೆ ಹೇಳಿ: "ಕಾಕೂ, ಇವಂಗ ಶೇಂಗಾ ಅಂದ್ರ ವಿಷಾ ಇದ್ದಂಗ್ರಿ. ಉಸಿರ ಕಟ್ಟತೈತಿ. ಅದರ ಚಮಚಾ ಸುದ್ದಾ ಇವನ ತಾಟಿಗೆ ಬರಬಾರದ್ರಿ." ವಿಷ ಎಂಬ ಒಂದು ಮಾತು ಮಾಡುವ ಕೆಲಸ ಹತ್ತು ವಿವರಣೆ ಮಾಡುವುದಿಲ್ಲ. ಮದುವೆ ಮನೆಗೆ ಮಗುವಿನ ಡಬ್ಬಿ ಕಟ್ಟಿಕೊಂಡೇ ಹೋಗಿ.

ಅಲರ್ಜಿಯಿಂದ ಉಸಿರು ಕಟ್ಟಿದಾಗ ಮನೆಯವರೇ ಚುಚ್ಚಬಹುದಾದ ಅಡ್ರಿನಲಿನ್ ಪೆನ್ನು ನಮ್ಮ ಔಷಧ ಅಂಗಡಿಗಳಲ್ಲಿ ಸಿಗುತ್ತದೆಂದು ನಂಬಿ ಬರಬೇಡಿ. ಎರಡಾದರೂ ತನ್ನಿ, ಡಾಕ್ಟರ ಚೀಟಿಯೊಂದಿಗೆ ಕೈಚೀಲದಲ್ಲೇ ಇಡಿ. ಬಿಸಿಲಿಗೆ ನಿಂತ ಕಾರಿನಲ್ಲಿ ಬಿಟ್ಟರೆ ಔಷಧ ಕೆಡುತ್ತದೆ. ಅಲರ್ಜಿ ಇಲ್ಲದ ಮಕ್ಕಳಿಗೂ ಐದು ವರ್ಷದವರೆಗೆ ಇಡೀ ಕಾಳು ಬೇಡ, ಓಡುತ್ತಾ ತಿಂದು ಶ್ವಾಸನಾಳಕ್ಕೆ ಇಳಿಸಿಕೊಳ್ಳುತ್ತಾರೆ.

ಜ್ವರ, ಔಷಧ, ಚುಚ್ಚುಮದ್ದು

ಅಮೆರಿಕದಲ್ಲಿ ಅಸೆಟಮಿನೋಫೆನ್ ಎನ್ನುವುದು ಇಲ್ಲಿ ಪ್ಯಾರಾಸಿಟಮಾಲ್. ಅಲ್ಲಿ 5 ಮಿಲಿಯಲ್ಲಿ 160 ಮಿಲಿಗ್ರಾಂ. ಇಲ್ಲಿ ಒಂದೇ ಅಂಗಡಿಯಲ್ಲಿ 5 ಮಿಲಿಗೆ 120, 125, 250, ಜೊತೆಗೆ ಹನಿಗಳಲ್ಲಿ 1 ಮಿಲಿಗೆ 100 ಇರುತ್ತದೆ. "ಒಂದು ಚಮಚ" ಎಂಬ ಅಳತೆ ಇಲ್ಲಿ ಮೋಸ. ಒಂದು ಸಲಕ್ಕೆ ಕಿಲೋಗೆ 15 ಮಿಲಿಗ್ರಾಂ ಲೆಕ್ಕ ಹಿಡಿಯಿರಿ. 12 ಕಿಲೋ ಮಗುವಿಗೆ 180 ಮಿಲಿಗ್ರಾಂ: 120ರ ಬಾಟಲಿಯಲ್ಲಿ 7.5 ಮಿಲಿ, 250ರದ್ದರಲ್ಲಿ 3.6 ಮಿಲಿ, ಹನಿಗಳಲ್ಲಿ 1.8 ಮಿಲಿ. ಆರು ತಾಸಿನೊಳಗೆ ಮತ್ತೆ ಬೇಡ. ಮಗುವಿನ ತೂಕ ಮತ್ತು ಈ ಅಳತೆಯನ್ನು ಬಾಟಲಿಗೇ ಅಂಟಿಸಿ, ನೀವು ಮನೆಯಲ್ಲಿಲ್ಲದಾಗ ಅಜ್ಜನೇ ಕೊಡಬೇಕಾಗಬಹುದು. ಜ್ವರವನ್ನು ಇಲ್ಲಿ ಫ್ಯಾರನ್‌ಹೀಟಿನಲ್ಲಿ ಹೇಳುತ್ತಾರೆ, 100.4 ಅಂದರೆ 38. ಮೂರು ತಿಂಗಳೊಳಗಿನ ಕೂಸಿಗೆ ಅಷ್ಟು ಬಂದರೆ ಸಿರಪ್ ಕೊಡುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.

"ಒಂದ್ ಸೂಜಿ ಮಾಡ್ರಿ ಸಾಹೇಬ್ರ, ಲಗೂನ ಕಡಿಮಿ ಆಗಲಿ" ಎಂದು ನೀವು ಕೇಳದಿದ್ದರೂ ಜೊತೆಗೆ ಬಂದವರು ಕೇಳುತ್ತಾರೆ. ನೆಗಡಿಗೆ ಸೂಜಿ ಬೇಡ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಕೂಡಿದ ನೆಗಡಿ ಸಿರಪ್ಪನ್ನು ನಾಲ್ಕು ವರ್ಷದೊಳಗಿನವರಿಗೆ ಕೊಡಬಾರದೆಂದು ಔಷಧ ನಿಯಂತ್ರಕರು 2023ರಲ್ಲೇ ಹೇಳಿದ್ದಾರೆ.

ಬಂದ ಮೊದಲ ವಾರ ಮಕ್ಕಳ ಡಾಕ್ಟರಿಗೆ ಪರದೇಶದ ಚುಚ್ಚುಮದ್ದಿನ ಕಾರ್ಡ್ ತೋರಿಸಿ. ಅಲ್ಲಿ ಹಾಕದೆ ಇಲ್ಲಿ ಬೇಕಾಗುವುದು ಟೈಫಾಯ್ಡ್ ಮತ್ತು ಕೆಲವು ಜಿಲ್ಲೆಗಳಲ್ಲಿ ಸರ್ಕಾರವೇ ಹಾಕುವ ಮಿದುಳುಜ್ವರದ ಜೆಇ ಲಸಿಕೆ. ವರ್ಷದೊಳಗಿನ ಕೂಸಾದರೆ ಕ್ಷಯದ ಲಸಿಕೆ ಬಿಸಿಜಿಯನ್ನೂ ಕೇಳಿ. ಓಣಿಯ ಅಂಗನವಾಡಿಯಲ್ಲಿ ಮಗುವಿನ ಹೆಸರು ಬರೆಸಿದರೆ ಆಶಾ ಕಾರ್ಯಕರ್ತೆಯರೇ ತಾರೀಖು ನೆನಪಿಸುತ್ತಾರೆ. ಮಗುವಿನ ಪಾಸ್‌ಪೋರ್ಟ್ ಯಾವ ದೇಶದ್ದಾದರೂ ಪಲ್ಸ್ ಪೋಲಿಯೋ ಹನಿ ಹಾಕಿಸಿ.

ನಾಯಿ, ಚೇಳು

ನಾಯಿ ಕಚ್ಚಿದರೆ, ಪರಚಿದರೆ, ಗಾಯ ನೆಕ್ಕಿದರೂ ಮೊದಲ ಕೆಲಸ ನಳದ ಕೆಳಗೆ ಸಾಬೂನು ಹಚ್ಚಿ 15 ನಿಮಿಷ ತೊಳೆಯುವುದು, ಗಡಿಯಾರ ನೋಡಿಕೊಂಡು. ಸುಣ್ಣ, ಅರಿಷಿಣ, ಖಾರದ ಪುಡಿ ಯಾವುದೂ ಬೇಡ. ಸ್ನಾಯುವಿಗೆ ಹಾಕುವ ರೇಬೀಸ್ ಚುಚ್ಚುಮದ್ದು 0, 3, 7, 14, 28ನೇ ದಿನ. ರಕ್ತ ಬಂದಿದ್ದರೆ ಗಾಯದ ಸುತ್ತಲೂ ಇಮ್ಯುನೊಗ್ಲಾಬ್ಯುಲಿನ್, ಅಂದರೆ ಸಿದ್ಧ ಪ್ರತಿಕಾಯದ ಮದ್ದು ಕೂಡ ಬೇಕು. ಸಣ್ಣ ಆಸ್ಪತ್ರೆಯಲ್ಲಿ ಅದು ಇಲ್ಲದಿರಬಹುದು, ಹೊರಡುವ ಮೊದಲು ಫೋನಿನಲ್ಲಿ ಕೇಳಿ. ಬೈಯುತ್ತಾರೆಂದು ಮಕ್ಕಳು ಪರಚಿದ್ದನ್ನು ಮುಚ್ಚಿಡುತ್ತಾರೆ. ನಾಯಿ ಮುಟ್ಟಿದರೆ ಹೇಳಿದವರಿಗೆ ಬೈಗುಳವಿಲ್ಲ ಎಂದು ಮೊದಲೇ ಮಾತು ಕೊಡಿ.

ನಮ್ಮ ಕಲ್ಲುನೆಲದ ಕೆಂಪು ಚೇಳು ಮಕ್ಕಳಿಗೆ ಜೀವಕ್ಕೇ ಅಪಾಯ. ಕಡಿದ ಜಾಗದಲ್ಲಿ ಬಾವು ಹೆಚ್ಚಿಲ್ಲದಿದ್ದರೂ ಮೈ ಬೆವರುವುದು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ವಿಷ ಹೃದಯಕ್ಕೆ ತಾಗುತ್ತಿದೆ ಎಂದರ್ಥ. ಮಹಾರಾಷ್ಟ್ರದ ಮಹಾಡದ ಡಾ. ಹಿಮ್ಮತರಾವ್ ಬಾವಸ್ಕರ್ ಬಳಕೆಗೆ ತಂದ ಪ್ರಾಜೋಸಿನ್ ಚಿಕಿತ್ಸೆಯಿಂದ ಇಂಥ ಮಕ್ಕಳು ಉಳಿಯುತ್ತಾರೆ, ಬೇಗ ತಲುಪಿದರೆ. ಮಂತ್ರ ಹಾಕಿಸಲು ಹೋದ ತಾಸು ಮತ್ತೆ ಸಿಗುವುದಿಲ್ಲ, 108ಕ್ಕೆ ಕರೆಮಾಡಿ. ಬೂಟು ಕೊಡವಿ ಹಾಕುವುದು, ಕೌದಿ ಝಾಡಿಸಿ ಹಾಸುವುದು, ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಎಳೆಯುವುದು ಮಕ್ಕಳಿಗೆ ಆಟದಂತೆ ಕಲಿಸಿ. ಹಿತ್ತಲ ಕಟ್ಟಿಗೆ ರಾಶಿ, ಕಲ್ಲುಗುಡ್ಡೆ ಅವರ ಆಟದ ಜಾಗ ಆಗಬಾರದು.

ರಸ್ತೆ

ಬಾಗಲಕೋಟೆಯ ನವನಗರದ ಅಗಲ ರಸ್ತೆ ಬಿಟ್ಟರೆ ಮಗುವಿನ ತಳ್ಳುಗಾಡಿ ಎಲ್ಲೂ ಓಡುವುದಿಲ್ಲ, ಎದೆಗೆ ಕಟ್ಟುವ ಚೀಲ ತನ್ನಿ. ಗೋಳಗುಮ್ಮಟದ ಮಿನಾರಿನ ಇಕ್ಕಟ್ಟು ಮೆಟ್ಟಿಲಿಗೂ ಅದೇ ಸರಿ. (ಬೆಳಿಗ್ಗೆ ಬೇಗ ಹೋಗಿ. ಹತ್ತರ ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಎಲ್ಲರೂ ಕಿರುಚುತ್ತಾರೆ, ಸಣ್ಣವರು ಹೆದರಿ ಅಳುತ್ತಾರೆ.) ಪರದೇಶದ ಕಾರ್ ಸೀಟನ್ನು ಇಲ್ಲಿನ ಬೆಲ್ಟಿನಲ್ಲಿ ಕಟ್ಟಿದರೆ ಸಡಿಲವಾಗುತ್ತದೆ, ಏಕೆಂದರೆ ಇಲ್ಲಿನ ಬೆಲ್ಟು ಜಗ್ಗಿದಾಗ ಮಾತ್ರ ಬಿಗಿಯುತ್ತದೆ. ಸೀಟಿನ ಜೊತೆ ಬರುವ ಬೆಲ್ಟ್ ಬಿಗಿಯುವ ಕ್ಲಿಪ್ ಮರೆಯದೆ ತನ್ನಿ. ಕಟ್ಟಿದ ಮೇಲೆ ಬುಡ ಹಿಡಿದು ಅಲುಗಿಸಿದರೆ ಒಂದು ಅಂಗುಲಕ್ಕಿಂತ ಹೆಚ್ಚು ಸರಿಯಬಾರದು. ಬೈಕಿನ ಮೇಲೆ 9 ತಿಂಗಳಿನಿಂದ 4 ವರ್ಷದವರಿಗೆ ಸವಾರರಿಗೆ ಕಟ್ಟುವ ಪಟ್ಟಿ, ಹೆಲ್ಮೆಟ್, 40 ಕಿಮೀ ಒಳಗಿನ ವೇಗ 2023ರಿಂದ ಕಾನೂನು. ಮಾಮಾ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹಾಕಿಸುತ್ತೇನೆಂದರೆ ಓಣಿಯೊಳಗೂ ಬೇಡ.

ಶಾಲೆಗೆ ಮೊದಲಿನ ಮಾತು

ವರ್ಣಮಾಲೆ ಆಮೇಲೆ. ಮೊದಲು ಕಲಿಸಬೇಕಾದದ್ದು ಮಗು ಟೀಚರಿಗೆ ಹೇಳಲೇಬೇಕಾದ ಐದಾರು ಮಾತು: "ನೀರ ಬೇಕ್ರಿ", "ಒಂದಕ್ಕ ಹೋಗಬೇಕ್ರಿ", "ಎರಡಕ್ಕ ಬಂದೈತ್ರಿ", "ಹೊಟ್ಟಿ ನೋಯಾಕತ್ತೈತ್ರಿ", "ಸಾಕ್ರಿ", "ಬ್ಯಾಡ್ರಿ". ಕೊನೆಯ "ರಿ" ಬಿಡಬಾರದು. ಹಾಗೆಯೇ ಕುಕ್ಕರುಗಾಲಲ್ಲಿ ಕೂರುವ ಸಂಡಾಸ. ಕಮೋಡಿಗೆ ರೂಢಿಯಾದ ಮಗು ಶಾಲೆಯಲ್ಲಿ ದಿನವಿಡೀ ತಡೆದುಕೊಂಡು ಮಲಬದ್ಧತೆ ಹಚ್ಚಿಕೊಳ್ಳುತ್ತದೆ, ಮನೆಯವರು ಅದಕ್ಕೂ ನೀರನ್ನೇ ಬೈಯುತ್ತಾರೆ. ಶಾಲೆ ಸೇರುವ ಒಂದು ತಿಂಗಳ ಮುಂಚೆಯಿಂದ ದಿನಕ್ಕೊಮ್ಮೆ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ಗೋಲಿ ಆಡಿಸಿ, ಕಾಲಿಗೆ ಬಲ ಬರುತ್ತದೆ.

2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದ ಯಾವ ಮಾಧ್ಯಮದ ಶಾಲೆಯಾದರೂ ಕನ್ನಡ ಇರುತ್ತದೆ. ಬೆಳಗಾವಿಯಲ್ಲಿ ಆಟದ ಬಯಲಲ್ಲಿ ಮರಾಠಿ, ವಿಜಯಪುರದಲ್ಲಿ ದಖನಿ ಉರ್ದು ಜೊತೆಗೆ ಸೇರುತ್ತದೆ. ಅದನ್ನು ತಡೆಯಬೇಡಿ, ಮಕ್ಕಳು ಬೆರೆಸಿ ಮಾತಾಡಿಯೇ ಬೇರ್ಪಡಿಸಲು ಕಲಿಯುತ್ತಾರೆ.

ಕಾಗದಪತ್ರ

ಓಸಿಐ, ಅಂದರೆ ಸಾಗರೋತ್ತರ ಭಾರತೀಯ ನಾಗರಿಕರ ಕಾರ್ಡ್ ಇರುವ ಮಗುವಿಗೆ ವಿದೇಶಿಯರ ನೋಂದಣಿ ಬೇಕಿಲ್ಲ. 180 ದಿನ ಮೀರಿದ ವೀಸಾದ ಮೇಲೆ ಬಂದ ದೊಡ್ಡವರು 14 ದಿನದೊಳಗೆ ವಿದೇಶಿಯರ ನೋಂದಣಿ ಕಚೇರಿಯ ಇ-ಎಫ್‌ಆರ್‌ಆರ್‌ಒ ಜಾಲತಾಣದಲ್ಲಿ ನೋಂದಾಯಿಸಬೇಕು. 20 ವರ್ಷದೊಳಗಿನವರ ಪಾಸ್‌ಪೋರ್ಟ್ ಬದಲಾದಾಗಲೆಲ್ಲ ಹೊಸದರ ಪ್ರತಿ ಮತ್ತು ಭಾವಚಿತ್ರವನ್ನು ಓಸಿಐ ತಾಣಕ್ಕೆ ಏರಿಸಬೇಕು. ಸಣ್ಣ ಮಕ್ಕಳ ಪಾಸ್‌ಪೋರ್ಟ್ ಬೇಗ ಮುಗಿಯುವುದರಿಂದ ಇದನ್ನು ಮರೆಯುವವರೇ ಹೆಚ್ಚು. ವಿದೇಶಿ ಪಾಸ್‌ಪೋರ್ಟಿನ ಮಗುವಿಗೆ ಆಧಾರ್ ಬೇಕಾದರೆ ಹಿಂದಿನ 12 ತಿಂಗಳಲ್ಲಿ 182 ದಿನ ಇಲ್ಲಿ ಇದ್ದಿರಬೇಕು. ಅದಕ್ಕೆ ಮೊದಲು ಶಾಲೆಯವರು ಕೇಳಿದರೆ ಪಾಸ್‌ಪೋರ್ಟ್ ಮತ್ತು ಜನನ ಪತ್ರ ಕೊಡಿ. ಜನನ ಪತ್ರಕ್ಕೆ ಆ ದೇಶದ ಅಪೋಸ್ಟಿಲ್, ಅಂದರೆ ಬೇರೆ ದೇಶದಲ್ಲೂ ನಡೆಯುವ ದೃಢೀಕರಣದ ಮುದ್ರೆಯನ್ನು ಹೊರಡುವ ಮೊದಲೇ ಹಾಕಿಸಿಕೊಂಡು ಬನ್ನಿ, ಇಲ್ಲಿಂದ ತರಿಸುವುದು ತಿಂಗಳುಗಳ ಕೆಲಸ. ಗ್ಯಾಸ್ ಸಂಪರ್ಕ ಆಗುವವರೆಗೆ 5 ಕಿಲೋ ಸಿಲಿಂಡರ್ ಗುರುತಿನ ಚೀಟಿಯೊಂದರ ಮೇಲೆ ಸಿಗುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಸರ್ಕಾರಿ ಕಚೇರಿಗಳು ಬಿಸಿಲಿನ ಕಾರಣ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಮಗುವನ್ನು ಕರೆದೊಯ್ಯಲೇಬೇಕಾದ ಕೆಲಸವಿದ್ದರೆ ಎಂಟಕ್ಕೆ ಐದು ನಿಮಿಷ ಮೊದಲೇ ಬಾಗಿಲ ಮುಂದಿರಿ, ಒಂದು ಬಾಟಲಿ ನೀರು, ಒಂದು ಡಬ್ಬಿ ಮೊಸರನ್ನ ಜೊತೆಗಿರಲಿ. ಹತ್ತರೊಳಗೆ ಮನೆಗೆ ಮರಳಬಹುದು.